ಪೇಪರ್ ಬಂತು, ಡೇಟಾ ಎಲ್ಲಿ?

ಮೆಷಿನ್ ಲರ್ನಿಂಗ್ ವರ್ಕ್‌ಶಾಪ್‌ಗೆ ಹೋದವರಿರಲಿ, ಯೂಟ್ಯೂಬ್ ನೋಡಿ ಪೈಥಾನ್ ಕಲಿತವರಿರಲಿ, ಐರಿಸ್ ಡೇಟಾಸೆಟ್ ಮುಟ್ಟದೆ ಮುಂದೆ ಹೋದವರು ನಮ್ಮಲ್ಲಿ ಕಡಿಮೆ. ಮೂರು ಜಾತಿಯ ಐರಿಸ್ ಹೂಗಳು, ಒಂದೊಂದು ಜಾತಿಯಿಂದ 50, ಒಟ್ಟು 150 ಹೂ. ಪ್ರತಿ ಹೂವಿಗೆ ನಾಲ್ಕು ಅಳತೆ. ಎರಡು ಸಾಲು ಕೋಡ್ ಬರೆದರೆ ಸ್ಕ್ರೀನ್ ಮೇಲೆ ಬಂದುಬಿಡುತ್ತೆ. ಆದರೆ ಅದು ಎಲ್ಲಿಂದ ಬಂತು ಅಂತ ಕೇಳಿದರೆ ಬಹಳ ಜನ "ಲೈಬ್ರರಿ ಒಳಗೇ ಇರುತ್ತಲ್ಲ" ಅಂತಾರೆ.

ಅದು ಬಂದದ್ದು 1936ರ ಒಂದು ಪೇಪರ್‌ನಿಂದ. ಹೂಗಳನ್ನು ಅಳೆದವರು ಎಡ್ಗರ್ ಆಂಡರ್ಸನ್ ಅನ್ನೋ ಅಮೆರಿಕದ ಸಸ್ಯಶಾಸ್ತ್ರಜ್ಞ. ಆ ಅಳತೆಗಳನ್ನು ಇಟ್ಟುಕೊಂಡು ಪೇಪರ್ ಬರೆದವರು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್. ಫಿಶರ್ ಬರೀ ಫಲಿತಾಂಶ ಬರೆದು ಸುಮ್ಮನಾಗಲಿಲ್ಲ. ಆರುನೂರು ಸಂಖ್ಯೆಗಳನ್ನೂ ಪೇಪರ್ ಒಳಗೇ ಟೇಬಲ್ ಮಾಡಿ ಅಚ್ಚು ಹಾಕಿಸಿದರು. ಇಷ್ಟು ವರ್ಷ ಆದಮೇಲೂ ಹಳಿಯಾಳದಲ್ಲಿ ಕೂತ ನಾವು ಆ ಹೂಗಳ ಮೇಲೆ ಪ್ರ್ಯಾಕ್ಟಿಸ್ ಮಾಡೋಕೆ ಆಗ್ತಿರೋದು ಅದಕ್ಕೇ. ಇನ್ನೊಂದು ವಿಷಯ ಇದೆ. ಯುಸಿಐ ವೆಬ್‌ಸೈಟ್‌ನಲ್ಲಿ ಇದ್ದ ಐರಿಸ್ ಫೈಲ್‌ನಲ್ಲಿ 35ನೇ ಮತ್ತು 38ನೇ ಹೂವಿನ ಸಂಖ್ಯೆಗಳು ತಪ್ಪಾಗಿ ಟೈಪ್ ಆಗಿದ್ದವು. ತಪ್ಪು ಅಂತ ಗೊತ್ತಾಗಿದ್ದು ಹೇಗೆ? ಮೂಲ ಟೇಬಲ್ ಜೊತೆ ಹೋಲಿಸಿ ನೋಡೋಕೆ ಆಯ್ತು, ಅದಕ್ಕೆ.

ಈಗ ಹೀಗೆ ಯೋಚನೆ ಮಾಡಿ. ಫಿಶರ್ ಟೇಬಲ್ ಕೊಡದೆ, "ಡೇಟಾ ಬೇಕಾದರೆ ಲೇಖಕರನ್ನು ಕೇಳಿ" ಅಂತ ಒಂದು ಸಾಲು ಬರೆದಿದ್ದರೆ? ಅವರು ತೀರಿಕೊಂಡಿದ್ದು 1962ರಲ್ಲಿ. ನಾವು ಯಾರಿಗೆ ಮೇಲ್ ಹಾಕ್ತಿದ್ವಿ?

ತಮಾಷೆ ಅನ್ನಿಸಬಹುದು. ಆದರೆ ಇವತ್ತು ಬರುವ ಎಷ್ಟೋ ಪೇಪರ್‌ಗಳ ಕೊನೆಯಲ್ಲಿ ಇರೋದು ಇದೇ ಸಾಲು. 'ಸೂಕ್ತ ಕೋರಿಕೆಯ ಮೇರೆಗೆ ಡೇಟಾ ಲಭ್ಯ.' ಸೂಕ್ತ ಅಂದ್ರೆ ಯಾವುದು, ಲಭ್ಯ ಅಂದ್ರೆ ಯಾವಾಗ, ಯಾರೂ ಹೇಳಲ್ಲ. ಈ ಸಾಲನ್ನು ಜರ್ನಲ್‌ಗಳು ಇನ್ನು ಮುಂದೆ ಒಪ್ಪಬಾರದು ಅನ್ನೋದು ನನ್ನ ವಾದದ ಅರ್ಧ ಭಾಗ. ಉಳಿದ ಅರ್ಧ ನಮ್ಮ ಈ ನಾಲ್ಕು ತಾಲ್ಲೂಕಿಗೆ ಸಂಬಂಧಪಟ್ಟಿದ್ದು. ಅದಕ್ಕೆ ಆಮೇಲೆ ಬರ್ತೀನಿ.

ಮೇಲ್ ಹಾಕಿದರೆ ಏನಾಗುತ್ತೆ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ನೀರಿನ ಗುಣಮಟ್ಟ ಅಳೆಯುವ ಒಂದು ಸಣ್ಣ ಸೆನ್ಸರ್ ಪ್ರಾಜೆಕ್ಟ್ ಮಾಡಿದ್ವಿ. ನಮ್ಮ ರೀಡಿಂಗ್ ಸರಿಯಾ ಅಂತ ನೋಡೋಕೆ ನಮ್ಮ ಜಿಲ್ಲೆಯ ಒಂದು ನದಿ ಬಗ್ಗೆ ಹಿಂದೆ ಬಂದ ಪೇಪರ್ ಸಿಕ್ತು. ಅದರಲ್ಲಿ ಚಂದದ ಗ್ರಾಫ್ ಇತ್ತು, ಸಂಖ್ಯೆಗಳು ಇರಲಿಲ್ಲ. ಕೊನೆಯಲ್ಲಿ ಅದೇ ಸಾಲು ಇತ್ತು. ಮೇಲ್ ಹಾಕಿದ್ವಿ. ಒಂದು ವಿಳಾಸದಿಂದ ಮೇಲ್ ವಾಪಸ್ ಬಂತು, ಇನ್ನೊಂದರಿಂದ ಉತ್ತರ ಬರಲಿಲ್ಲ. ಕೊನೆಗೆ ಗ್ರಾಫ್‌ನ ಸ್ಕ್ರೀನ್‌ಶಾಟ್ ತೆಗೆದು, ಒಂದೊಂದು ಚುಕ್ಕೆ ಮೇಲೆ ಮೌಸ್ ಇಟ್ಟು ಕ್ಲಿಕ್ ಮಾಡಿ ಅಂದಾಜು ಸಂಖ್ಯೆ ಎತ್ತಿದ್ವಿ. ಯಾರೋ ಕಷ್ಟಪಟ್ಟು ಅಳೆದ ಸಂಖ್ಯೆಯನ್ನು ನಾವು ಚಿತ್ರದಿಂದ ಊಹೆ ಮಾಡಬೇಕಾಯ್ತು. "ಇದೊಂಥರಾ ಊಟದ ಫೋಟೋ ನೋಡಿ ಉಪ್ಪು ಎಷ್ಟೈತಿ ಅಂತ ಹೇಳಿದಂಗ ಆತಲೇ" ಅಂದ ನಮ್ಮ ಗ್ರೂಪ್‌ನ ಒಬ್ಬ.

ಇದು ನಮ್ಮ ನಾಲ್ವರ ದುರದೃಷ್ಟ ಮಾತ್ರ ಅಂದ್ಕೊಂಡಿದ್ದೆ. ಆದರೆ 2022ರಲ್ಲಿ ಜರ್ನಲ್ ಆಫ್ ಕ್ಲಿನಿಕಲ್ ಎಪಿಡೆಮಿಯಾಲಜಿಯಲ್ಲಿ ಬಂದ ಒಂದು ಅಧ್ಯಯನ ನೋಡಿ. 'ಕೇಳಿದರೆ ಡೇಟಾ ಕೊಡ್ತೀವಿ' ಅಂತ ಬರೆದಿದ್ದ 1,792 ಪೇಪರ್‌ಗಳ ಲೇಖಕರಿಗೆ ನಿಜಕ್ಕೂ ಮೇಲ್ ಹಾಕಿ ಕೇಳಿದರು. ಡೇಟಾ ಕೊಟ್ಟವರು 122 ಜನ, ಅಂದ್ರೆ ಶೇ. 6.8. ಉಳಿದವರಲ್ಲಿ ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ನಮ್ಮಲ್ಲಿ ನೂರಕ್ಕೆ ಏಳು ಬಂದರೆ ಬ್ಯಾಕ್ ಅಂತಾರೆ, ಅಲ್ಲಿ ಅದು ಪ್ರಕಟಿತ ಭರವಸೆ.

ಎಲ್ಲರೂ ಕೆಟ್ಟವರು ಅಂತ ಇದರ ಅರ್ಥ ಅಲ್ಲ. ಪೆನ್‌ಡ್ರೈವ್ ಕಳೆದುಹೋಗುತ್ತೆ, ಲ್ಯಾಪ್‌ಟಾಪ್ ಕೆಡುತ್ತೆ, ಪಿಎಚ್‌ಡಿ ವಿದ್ಯಾರ್ಥಿ ಬೇರೆ ಊರಿಗೆ ಹೋಗ್ತಾರೆ, ಕಾಲೇಜಿನ ಮೇಲ್ ಐಡಿ ಬಂದ್ ಆಗುತ್ತೆ. 2014ರಲ್ಲಿ ಕರೆಂಟ್ ಬಯಾಲಜಿ ಜರ್ನಲ್‌ನಲ್ಲಿ ಟಿಮ್ ವೈನ್ಸ್ ಮತ್ತು ಜೊತೆಗಾರರು 516 ಪೇಪರ್‌ಗಳ ಡೇಟಾ ಹುಡುಕಿ ಹೊರಟ ಕಥೆ ಬರೆದಿದ್ದಾರೆ. ಪೇಪರ್‌ಗೆ ಒಂದು ವರ್ಷ ವಯಸ್ಸಾದಂತೆ ಅದರ ಡೇಟಾ ಉಳಿದಿರುವ ಸಾಧ್ಯತೆಯ ಅನುಪಾತ ಶೇ. 17ರಷ್ಟು ಕಡಿಮೆ ಆಗ್ತಾ ಹೋಗುತ್ತೆ ಅಂತ ಅವರು ಲೆಕ್ಕ ಹಾಕಿದರು. ಜರ್ನಲ್ ಉಳಿಯುತ್ತೆ, ಪೇಪರ್ ಉಳಿಯುತ್ತೆ, ಅದರ ಬುಡದಲ್ಲಿರೋ ಸಂಖ್ಯೆಗಳು ಮಾತ್ರ ಕರಗಿ ಹೋಗ್ತವೆ. ಅದಕ್ಕೇ ಡೇಟಾ ಇಟ್ಟುಕೊಳ್ಳೋ ಕೆಲಸವನ್ನು ಲೇಖಕರ ನೆನಪಿಗೆ ಬಿಡಬಾರದು. ಪೇಪರ್ ಪ್ರಕಟ ಆಗುವ ದಿನವೇ ಅದು ಒಂದು ಭದ್ರವಾದ ಜಾಗ ಸೇರಬೇಕು.

ಡೇಟಾ ನೋಡಿದ್ದರೆ ತಪ್ಪುತ್ತಿದ್ದ ಎಡವಟ್ಟುಗಳು

"ಪೇಪರ್ ಅಂದ್ರೆ ತಜ್ಞರು ಚೆಕ್ ಮಾಡಿರ್ತಾರಲ್ಲ" ಅನ್ನೋರಿಗೆ ಎರಡು ಉದಾಹರಣೆ.

2010ರಲ್ಲಿ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು, ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತೆ ಅಂತ ಬರೆದರು. ಸರಾಸರಿ ಬೆಳವಣಿಗೆ ಮೈನಸ್ 0.1 ಅಂತ ಅವರ ಲೆಕ್ಕ. ಯುರೋಪ್, ಅಮೆರಿಕದ ರಾಜಕಾರಣಿಗಳು ಇದನ್ನೇ ಹಿಡಿದು ಸರ್ಕಾರಿ ಖರ್ಚು ಕಡಿತದ ಪರವಾಗಿ ಮಾತಾಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್‌ಗೆ ಕ್ಲಾಸಿನಲ್ಲಿ ಒಂದು ಅಸೈನ್‌ಮೆಂಟ್ ಇತ್ತು: ಯಾವುದಾದರೂ ಪ್ರಸಿದ್ಧ ಪೇಪರ್ ತಗೊಂಡು ಅದರ ಲೆಕ್ಕ ಮತ್ತೆ ಮಾಡಿ. ಅವರು ಈ ಪೇಪರ್ ಆರಿಸಿಕೊಂಡರು. ಲೆಕ್ಕ ಹೊಂದಲೇ ಇಲ್ಲ. ಲೇಖಕರನ್ನು ಕೇಳಿದಾಗ ಎಕ್ಸೆಲ್ ಫೈಲ್ ಸಿಕ್ತು. ತೆರೆದು ನೋಡಿದರೆ ಸರಾಸರಿಯ ಫಾರ್ಮುಲಾ ಐದು ದೇಶಗಳ ಸಾಲುಗಳನ್ನು ಬಿಟ್ಟೇಬಿಟ್ಟಿತ್ತು! ಇನ್ನೂ ಬೇರೆ ಸಮಸ್ಯೆಗಳೂ ಇದ್ದವು. ಎಲ್ಲ ಸರಿಮಾಡಿ ಹಾಕಿದಾಗ ಮೈನಸ್ 0.1 ಹೋಗಿ ಪ್ಲಸ್ 2.2 ಆಯ್ತು. 2013ರಲ್ಲಿ ಇದು ಜಗತ್ತಿಗೆ ಸುದ್ದಿ. ನಾವು ಎಕ್ಸೆಲ್‌ನಲ್ಲಿ ಮೌಸ್ ಎಳೆಯುವಾಗ ಕೆಳಗಿನ ನಾಲ್ಕು ಸಾಲು ಬಿಟ್ಟುಹೋಗುತ್ತಲ್ಲ, ಅದೇ ಎಡವಟ್ಟು. ಫೈಲ್ ಸಿಕ್ಕಿದ್ದರಿಂದ ಅದನ್ನು ಒಬ್ಬ ವಿದ್ಯಾರ್ಥಿ ಹಿಡಿದ. ಲೇಖಕರು ಫೈಲ್ ಕೊಟ್ಟರು ಅನ್ನೋದನ್ನೂ ಮರೀಬಾರದು. ಎಲ್ಲರೂ ಕೊಡಲ್ಲ.

ಎರಡನೇದು ಕೋವಿಡ್ ಕಾಲದ್ದು. 2020ರ ಮೇ 22ಕ್ಕೆ ಲ್ಯಾನ್ಸೆಟ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಪೇಪರ್ ಬಂತು. 671 ಆಸ್ಪತ್ರೆ, 96,032 ರೋಗಿಗಳ ಡೇಟಾ ಅಂತ ಹೇಳಿದ್ದರು. ಡೇಟಾ ಇದ್ದದ್ದು ಸರ್ಜಿಸ್ಫಿಯರ್ ಅನ್ನೋ ಒಂದು ಸಣ್ಣ ಕಂಪನಿ ಬಳಿ. ಮೂರೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧಿಯ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಹೊರಗಿನವರು ಮೂಲ ಡೇಟಾ ತೋರಿಸಿ ಅಂತ ಕೇಳಿದಾಗ ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ಪೇಪರ್ ವಾಪಸ್ ಹೋಯ್ತು. ಜಗತ್ತಿನ ಹೆಸರುವಾಸಿ ಜರ್ನಲ್‌ಗೇ ಹೀಗಾದರೆ ಉಳಿದವುಗಳ ಗತಿ ಏನು?

ಹೀಗೆ ಕೇಳೋ ಅಭ್ಯಾಸ ಇದ್ದರೆ ಏನಾಗುತ್ತೆ ಅಂತ ಜಪಾನಿನ ಸಂಪಾದಕ ತ್ಸುಯೋಶಿ ಮಿಯಾಕಾವಾ 2020ರಲ್ಲಿ ಬರೆದಿದ್ದಾರೆ. ಮಾಲಿಕ್ಯುಲರ್ ಬ್ರೈನ್ ಜರ್ನಲ್‌ಗೆ ಬಂದ ಪೇಪರ್‌ಗಳಲ್ಲಿ 41ಕ್ಕೆ ಅವರು ಮೂಲ ಡೇಟಾ ಕೊಡಿ ಅಂದರು. 21 ಪೇಪರ್‌ಗಳನ್ನು ಲೇಖಕರೇ ವಾಪಸ್ ತಗೊಂಡರು. ಉಳಿದ 20ರಲ್ಲಿ 19 ಪೇಪರ್ ಡೇಟಾ ಸಾಲದೆ ತಿರಸ್ಕಾರ ಆದವು. 'ಕೊಡಿ' ಅನ್ನೋ ಒಂದೇ ಮಾತಿಗೆ!

ನಿಯಮ ಬರೆಯೋದು ಸುಲಭ, ನಡೆಸೋದು ಕಷ್ಟ

ಜರ್ನಲ್‌ಗಳು ಕೈಕಟ್ಟಿ ಕೂತಿಲ್ಲ. 2011ರಲ್ಲಿ ಎವಲ್ಯೂಷನ್, ಅಮೆರಿಕನ್ ನ್ಯಾಚುರಲಿಸ್ಟ್, ಮಾಲಿಕ್ಯುಲರ್ ಇಕಾಲಜಿ ಥರದ ಜರ್ನಲ್‌ಗಳು ಒಟ್ಟಾಗಿ ಒಂದು ನಿಯಮ ತಂದವು: ಪೇಪರ್ ಬೇಕಾದರೆ ಡೇಟಾವನ್ನು ಸಾರ್ವಜನಿಕ ಭಂಡಾರದಲ್ಲಿ ಇಡಿ. 2014ರ ಮಾರ್ಚ್‌ನಲ್ಲಿ ಪ್ಲಾಸ್ ಜರ್ನಲ್‌ಗಳು ಪ್ರತಿ ಪೇಪರ್‌ನಲ್ಲೂ ಡೇಟಾ ಎಲ್ಲಿದೆ ಅಂತ ಹೇಳೋದನ್ನು ಕಡ್ಡಾಯ ಮಾಡಿದವು. ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ 2018ರ ಜುಲೈನಿಂದ ಔಷಧ ಪ್ರಯೋಗಗಳ ಪೇಪರ್‌ಗಳಿಗೆ ಡೇಟಾ ಹೇಳಿಕೆ ಬೇಕು ಅಂತು. ಆದರೆ ಅಲ್ಲಿ ಒಂದು ಕಿಂಡಿ ಇದೆ: 'ಡೇಟಾ ಕೊಡಲ್ಲ' ಅಂತ ಬರೆದರೂ ಅದು ಹೇಳಿಕೆಯೇ.

ನಿಯಮ ಇರೋದಕ್ಕೂ ನಡೆಯೋದಕ್ಕೂ ಎಷ್ಟು ದೂರ ಅಂತ ವೈನ್ಸ್ ತಂಡವೇ 2013ರಲ್ಲಿ ಅಳೆದಿತ್ತು. 'ಡೇಟಾ ಹಂಚಿಕೊಂಡರೆ ಒಳ್ಳೇದು' ಅಂತ ಸಲಹೆ ಮಾತ್ರ ಕೊಡುವ ಜರ್ನಲ್‌ಗೂ ನಿಯಮವೇ ಇಲ್ಲದ ಜರ್ನಲ್‌ಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕಡ್ಡಾಯ ಮಾಡಿ, ಡೇಟಾ ಎಲ್ಲಿದೆ ಅಂತ ಪೇಪರ್‌ನಲ್ಲೇ ಬರೆಸಿದ ಜರ್ನಲ್‌ಗಳಲ್ಲಿ ಡೇಟಾ ಸಿಗುವ ಸಾಧ್ಯತೆಯ ಅನುಪಾತ ಸುಮಾರು ಸಾವಿರ ಪಟ್ಟು ಹೆಚ್ಚಿತ್ತು. ಹೆಲ್ಮೆಟ್ ಹಾಕಿಕೊಳ್ಳಿ ಅಂತ ಬೋರ್ಡ್ ಹಾಕೋದಕ್ಕೂ ಸರ್ಕಲ್‌ನಲ್ಲಿ ಪೊಲೀಸ್ ನಿಲ್ಲೋದಕ್ಕೂ ಇರೋ ವ್ಯತ್ಯಾಸ ನಮಗೆ ಗೊತ್ತಿದ್ದದ್ದೇ.

ಹಾಗಾದರೆ ಪೊಲೀಸ್ ಯಾರು? ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ತನ್ನ ಜರ್ನಲ್‌ಗಳಿಗೆ ಡೇಟಾ ಎಡಿಟರ್ ಅಂತಲೇ ಒಂದು ಹುದ್ದೆ ಮಾಡಿದೆ. ಅವರ ತಂಡ ಲೇಖಕರ ಕೋಡ್ ರನ್ ಮಾಡಿ, ಪೇಪರ್‌ನ ಟೇಬಲ್ ಮತ್ತೆ ಬರುತ್ತಾ ಅಂತ ನೋಡುತ್ತೆ. ಒಂದು ರಾಜ್ಯಶಾಸ್ತ್ರ ಜರ್ನಲ್ ಈ ಕೆಲಸವನ್ನು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಓಡಮ್ ಸಂಸ್ಥೆಗೆ ಒಪ್ಪಿಸಿತ್ತು. ಇದಕ್ಕೆ ದುಡ್ಡು ಬೇಕು, ಜನ ಬೇಕು. ನಮ್ಮ ದೇಶದ ಎಷ್ಟೋ ಸಣ್ಣ ಜರ್ನಲ್‌ಗಳನ್ನು ಪ್ರಾಧ್ಯಾಪಕರು ಪಾಠ, ವ್ಯಾಲ್ಯುವೇಷನ್, ನ್ಯಾಕ್ ಕೆಲಸಗಳ ಮಧ್ಯೆ ಪುಕ್ಕಟೆ ನಡೆಸ್ತಾರೆ. ಅವರನ್ನು ನಾಳೆಯಿಂದ ಎಲ್ಲರ ಕೋಡ್ ರನ್ ಮಾಡಿ ಅನ್ನೋದು ನ್ಯಾಯ ಅಲ್ಲ.

ಆದರೆ ಮೆಟ್ಟಿಲು ಹತ್ತಬಹುದು. 2015ರಲ್ಲಿ ಬಂದ ಟಾಪ್ ಮಾರ್ಗಸೂಚಿ ಮೂರು ಹಂತ ಹೇಳಿತು: ಮೊದಲ ಹಂತದಲ್ಲಿ ಡೇಟಾ ಇದೆಯಾ, ಎಲ್ಲಿದೆ ಅಂತ ಹೇಳಬೇಕು. ಎರಡನೇದರಲ್ಲಿ ಭಂಡಾರದಲ್ಲಿ ಇಡಲೇಬೇಕು. ಮೂರನೇದರಲ್ಲಿ ಬೇರೆಯವರು ಲೆಕ್ಕ ಮಾಡಿ ನೋಡಬೇಕು. ನಮ್ಮ ಜರ್ನಲ್‌ಗಳು ಎರಡನೇ ಮೆಟ್ಟಿಲಿಗಾದರೂ ಬರಬಹುದು. ಜಾಗಕ್ಕೆ ದುಡ್ಡು ಕೊಡಬೇಕಿಲ್ಲ. ಯುರೋಪಿನ ಸರ್ನ್ ನಡೆಸುವ ಜೆನೋಡೋ 2013ರಿಂದ ಇದೆ, ಯಾರು ಬೇಕಾದರೂ ಒಂದು ಡೇಟಾಸೆಟ್‌ಗೆ 50 ಜಿಬಿವರೆಗೆ ಪುಕ್ಕಟೆ ಇಡಬಹುದು, ಡಿಒಐ ನಂಬರ್ ಕೂಡ ಸಿಗುತ್ತೆ. ಜರ್ನಲ್ ಕಡೆಯಿಂದ ಬೇಕಾದ್ದು ಒಬ್ಬರು, ಹತ್ತು ನಿಮಿಷ: ಲಿಂಕ್ ತೆರೆಯುತ್ತಾ, ಫೈಲ್ ಇದೆಯಾ, ಕಾಲಂ ಹೆಸರು ಅರ್ಥ ಆಗುತ್ತಾ, ಅಳತೆಯ ಯೂನಿಟ್ ಬರೆದಿದ್ದಾರಾ. ಇಷ್ಟು ನೋಡೋಕೆ ತಜ್ಞರೇ ಬೇಕಂತಿಲ್ಲ. ಸರ್ಕಾರದ ಡೇಟಾ ಹಂಚಿಕೆಗೆ ನಮ್ಮ ದೇಶದಲ್ಲಿ 2012ರಿಂದ ರಾಷ್ಟ್ರೀಯ ನೀತಿ ಇದೆ. ಜನರ ತೆರಿಗೆ ದುಡ್ಡಿನಿಂದ ಕಾಲೇಜುಗಳಲ್ಲಿ ನಡೆಯುವ ಸಂಶೋಧನೆಗೂ ಅದೇ ಮಾತು ಯಾಕೆ ಅನ್ವಯಿಸಬಾರದು?

ಎಲ್ಲ ಬಾಗಿಲೂ ತೆಗೆದಿಡಬೇಕಾ?

ಇಲ್ಲಿವರೆಗೆ ಓದಿದವರು ನಾನು 'ಎಲ್ಲ ಡೇಟಾ ಎಲ್ಲರಿಗೂ' ಅನ್ನೋ ಪಾರ್ಟಿ ಅಂದ್ಕೊಂಡಿರಬಹುದು. ಅಲ್ಲ. ಯಾಕೆ ಅಲ್ಲ ಅಂತ ತಿಳಿಯೋಕೆ ದೂರ ಹೋಗೋದೇ ಬೇಡ, ದಾಂಡೇಲಿ ರಸ್ತೆ ಹಿಡಿದರೆ ಸಾಕು.

ದಾಂಡೇಲಿ, ಜೋಯಿಡಾ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಹೆಣ್ಣು ಮಂಗಟ್ಟೆ ಮರದ ಪೊಟರೆ ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತೆ. ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿ ಆಗುವ ಆ ವಾರಗಳಲ್ಲಿ ಗಂಡು ತಂದುಕೊಡುವ ಹಣ್ಣೇ ಆಹಾರ. ವರ್ಷ ವರ್ಷವೂ ಅದೇ ಮರಕ್ಕೆ ಬರೋದೂ ಉಂಟು. ಈಗ ಒಬ್ಬ ಸಂಶೋಧಕ ಗೂಡುಗಳ ಜಿಪಿಎಸ್ ಅಂಕಿಗಳನ್ನು ಆರು ದಶಾಂಶದ ತನಕ ಎಕ್ಸೆಲ್ ಶೀಟ್‌ನಲ್ಲಿ ಹಾಕಿ ಇಂಟರ್ನೆಟ್‌ಗೆ ಏರಿಸಿದರೆ? ಮರಿ ಕದಿಯೋನಿಗೆ ಅದು ಮನೆ ವಿಳಾಸ ಕೊಟ್ಟಂಗೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಗೂ ಇದೇ ಮಾತು. ಇದು ಬರೀ ಹೆದರಿಕೆ ಅಲ್ಲ. ಚೀನಾದ ದಕ್ಷಿಣದ ಒಂದು ಗುಹೆ ಹಲ್ಲಿ ಜಾತಿಯ ಬಗ್ಗೆ ಪೇಪರ್ ಬಂದಮೇಲೆ, ಪೇಪರ್‌ನಲ್ಲಿದ್ದ ಜಾಗ ಹುಡುಕಿಕೊಂಡು ಹೋದ ಸಾಕುಪ್ರಾಣಿ ವ್ಯಾಪಾರಿಗಳು ಅಲ್ಲಿನ ಹಲ್ಲಿಗಳನ್ನು ಹಿಡಿದು ಖಾಲಿ ಮಾಡಿದರು. ಇಂಥ ಕಡೆ ಉಪಾಯ ಇದೆ: ಜಾಗವನ್ನು ಹತ್ತು ಕಿಲೋಮೀಟರ್ ಚೌಕಕ್ಕೆ ದುಂಡಾಗಿಸಿ ಕೊಡಿ, ನಿಖರ ಅಂಕಿ ಅರಣ್ಯ ಇಲಾಖೆ ಅಥವಾ ಭಂಡಾರದ ಬೀಗದೊಳಗೆ ಇರಲಿ. ಮಿಕ್ಕ ಕಾಲಂಗಳು, ಮರದ ಎತ್ತರ, ತಿಂದ ಹಣ್ಣು, ತಿಂಗಳು, ಎಲ್ಲ ತೆರೆದಿರಲಿ.

ಹಕ್ಕಿಗೇ ಇಷ್ಟು ಎಚ್ಚರ ಬೇಕಾದರೆ ಮನುಷ್ಯರಿಗೆ?

ಐರಿಸ್ ಟೇಬಲ್ ಅಚ್ಚಾದ ಆ ಜರ್ನಲ್‌ನ ಹೆಸರು ಹೇಳಿರಲಿಲ್ಲ. ಆನಲ್ಸ್ ಆಫ್ ಯುಜೆನಿಕ್ಸ್. ಯುಜೆನಿಕ್ಸ್ ಅಂದರೆ ಮನುಷ್ಯರಲ್ಲೇ ಒಳ್ಳೆ ತಳಿ, ಕೆಟ್ಟ ತಳಿ ಅಂತ ವಿಂಗಡಿಸುವ ವಿಚಾರ. 1954ರಲ್ಲಿ ಅದು ಹೆಸರು ಬದಲಿಸಿಕೊಂಡಿತು. ಹೂವಿನ ಅಳತೆ ಹಂಚಿದರೆ ಹೂವಿಗೆ ಏನೂ ಆಗಲ್ಲ. ಮನುಷ್ಯರ ಅಳತೆ ಯಾರ ಕೈಗೆ ಹೋಗಿ ಏನಾಗುತ್ತೆ ಅನ್ನೋದು ಬೇರೆ ಪ್ರಶ್ನೆ.

ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯ ನಮಗೆಲ್ಲ ಗೊತ್ತು. 2011ರಲ್ಲಿ ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಬಗ್ಗೆ ಪೇಪರ್ ಬರೆದರು. ಸಿದ್ದಿಗಳ ಆಫ್ರಿಕಾ ಮೂಲ, ಸುಮಾರು 200 ವರ್ಷಗಳಿಂದ ಈಚೆಗೆ ಇಲ್ಲಿನ ಜನರ ಜೊತೆ ಆದ ಬೆರಕೆ, ಇದೆಲ್ಲ ಅದರಲ್ಲಿದೆ. ಓದಲೇಬೇಕಾದ ವಿಜ್ಞಾನ. ಆ ಪೇಪರ್‌ನಲ್ಲಿ ಏನೋ ತಪ್ಪಿದೆ ಅಂತ ನಾನು ಹೇಳ್ತಿಲ್ಲ. ಅಂಥ ಡೇಟಾಗೆ ಜರ್ನಲ್ ಯಾವ ನಿಯಮ ಇಡಬೇಕು ಅನ್ನೋದು ನನ್ನ ಪ್ರಶ್ನೆ. ಸಾರ್ವಜನಿಕವಾಗಿ ಇಟ್ಟರೆ ಹೆಸರು ತೆಗೆದಿದ್ದೀವಿ ಅನ್ನೋದು ಸಾಲಲ್ಲ. ಹೆಸರಿಲ್ಲದ ಜೀನೋಮ್ ಮತ್ತು ಇಂಟರ್ನೆಟ್‌ನಲ್ಲಿ ಸಿಗುವ ವಂಶಾವಳಿ ಮಾಹಿತಿ ಸೇರಿಸಿ ಹತ್ತಿರ ಹತ್ತಿರ 50 ಜನರ ಗುರುತು ಹಿಡಿಯಬಹುದು ಅಂತ 2013ರಲ್ಲೇ ಸೈನ್ಸ್ ಜರ್ನಲ್‌ನ ಒಂದು ಪೇಪರ್ ತೋರಿಸಿದೆ. ಸಣ್ಣ ಸಮುದಾಯದಲ್ಲಿ, ಒಂದು ಊರಿನ ಹೆಸರು ಮತ್ತು ವಯಸ್ಸು ಗೊತ್ತಾದರೆ ಊರವರಿಗೆ ಉಳಿದದ್ದು ಹೇಳಬೇಕಾಗಿಲ್ಲ.

ಇನ್ನೊಂದು ಭಯ ಇದೆ: ಒಂದು ಕೆಲಸಕ್ಕೆ ಅಂತ ಕೊಟ್ಟದ್ದು ಇನ್ನೊಂದಕ್ಕೆ ಬಳಕೆ ಆಗೋದು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿರೋ ಹವಾಸುಪಾಯಿ ಬುಡಕಟ್ಟಿನವರು ಸಕ್ಕರೆ ಕಾಯಿಲೆ ಅಧ್ಯಯನಕ್ಕೆ ಅಂತ 1990ರ ದಶಕದಲ್ಲಿ ರಕ್ತ ಕೊಟ್ಟರು. ಅದೇ ರಕ್ತದ ಮೇಲೆ ಮಾನಸಿಕ ಕಾಯಿಲೆ, ವಲಸೆಯ ಇತಿಹಾಸದ ಅಧ್ಯಯನಗಳೂ ನಡೆದವು. ಅವರು ಕೋರ್ಟಿಗೆ ಹೋದರು. 2010ರಲ್ಲಿ ಅರಿಜೋನಾ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ 7 ಲಕ್ಷ ಡಾಲರ್ ಕೊಟ್ಟು, ಉಳಿದಿದ್ದ ರಕ್ತದ ಮಾದರಿಗಳನ್ನೂ ವಾಪಸ್ ಕೊಟ್ಟಿತು.

ಡೇಟಾ ಮುಚ್ಚಿಟ್ಟರೆ ವಿಜ್ಞಾನಕ್ಕೆ ನಷ್ಟ, ಬಿಚ್ಚಿಟ್ಟರೆ ಜನರಿಗೆ ನಷ್ಟ, ಅನ್ನೋ ಗೊಂದಲಕ್ಕೆ ದಾರಿ ಇದೆ. ಬೀಗ ಇರಲಿ, ಆದರೆ ಕೀಲಿ ಯಾರ ಹತ್ತಿರ, ಯಾವ ನಿಯಮಕ್ಕೆ ತೆಗೀತಾರೆ ಅನ್ನೋದು ಬಾಗಿಲ ಮೇಲೆ ಬರೆದಿರಲಿ. ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಡೇಟಾವನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿಟ್ಟು, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅರ್ಜಿ ಹಾಕಿ, ಷರತ್ತು ಒಪ್ಪಿ ತಗೋಬೇಕು. 'ಲೇಖಕರನ್ನು ಕೇಳಿ' ಅನ್ನೋದಕ್ಕಿಂತ ಇದು ಎಷ್ಟೋ ವಾಸಿ, ಯಾಕಂದ್ರೆ ಇಲ್ಲಿ ತೀರ್ಮಾನ ಒಬ್ಬರ ಇನ್‌ಬಾಕ್ಸ್ ಮೇಲೆ ನಿಂತಿಲ್ಲ.

ನನ್ನ ಪ್ರಕಾರ ಅಲ್ಲಿಗೂ ಒಂದು ಕುರ್ಚಿ ಬಾಕಿ ಇದೆ. ಅರ್ಜಿ ನೋಡುವ ಸಮಿತಿಯಲ್ಲಿ ಆ ಸಮುದಾಯದವರು ಕೂರಬೇಕು. ಸಂಶೋಧಕರ ಮಧ್ಯೆ ಫೇರ್ ಅನ್ನೋ ತತ್ವಗಳು 2016ರಿಂದ ಪ್ರಸಿದ್ಧ: ಡೇಟಾ ಹುಡುಕಿದರೆ ಸಿಗಬೇಕು, ತೆರೆಯಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮರುಬಳಕೆಗೆ ಬರಬೇಕು. ಅದು ಕಂಪ್ಯೂಟರ್ ಕಡೆಯಿಂದ ಯೋಚಿಸಿದ್ದು. 2019ರಲ್ಲಿ ಮೂಲನಿವಾಸಿ ಸಮುದಾಯಗಳ ಕಡೆಯಿಂದ ಕೇರ್ ತತ್ವಗಳು ಬಂದವು: ಸಮುದಾಯಕ್ಕೆ ಲಾಭ, ನಿಯಂತ್ರಣದ ಹಕ್ಕು, ಹೊಣೆ, ನೀತಿ. ಜರ್ನಲ್‌ಗಳು ಮೊದಲನೇದನ್ನು ನಿಯಮದಲ್ಲಿ ಬರೆದುಕೊಂಡಷ್ಟು ಸಲೀಸಾಗಿ ಎರಡನೇದನ್ನು ಬರೆದುಕೊಂಡಿಲ್ಲ. ಜೋಯಿಡಾದ ಕುಣಬಿಗಳ ಗಡ್ಡೆ ಗೆಣಸಿನ ಜ್ಞಾನ ಇರಲಿ, ಸಿದ್ದಿಗಳ ರಕ್ತ ಇರಲಿ, 'ಹಂಚಿಕೆ' ಅನ್ನೋ ಪದ ಲೇಖಕರಿಂದ ಇನ್ನೊಬ್ಬ ಸಂಶೋಧಕರಿಗೆ ಹೋಗಿ ನಿಂತುಬಿಡಬಾರದು. ಕೊಟ್ಟವರಿಗೂ ಬರಬೇಕು, ಅವರ ಭಾಷೆಯಲ್ಲಿ ಬರಬೇಕು. ಒಂದೇ ಪುಟ ಸಾಕು: ಏನು ಅಳೆದ್ವಿ, ಏನು ಸಿಕ್ತು, ನಿಮ್ಮ ಮಾಹಿತಿ ಎಲ್ಲಿದೆ, ಬೇಡ ಅಂದರೆ ಯಾರಿಗೆ ಹೇಳಬೇಕು. ಹಳಿಯಾಳದಲ್ಲಿ ಕನ್ನಡ, ಜೋಯಿಡಾದಲ್ಲಿ ಕೊಂಕಣಿ, ಮುಂಡಗೋಡದ ಕ್ಯಾಂಪ್‌ನಲ್ಲಿ ಟಿಬೆಟನ್. ಪೇಪರ್ ಒಪ್ಪುವ ಮೊದಲು ಜರ್ನಲ್ ಈ ಪುಟ ಕೇಳಲಿ.

ನಮ್ಮ ಕ್ಯಾಂಪಸ್‌ಗೆ ಏನು?

ಒಂದು ನಿಜವಾದ ಆಕ್ಷೇಪ ಇದೆ, ಅದನ್ನು ಹಾರಿಸಿ ಹೋಗಲ್ಲ. ಸಣ್ಣ ಊರಿನ ಒಬ್ಬ ಸಂಶೋಧಕಿ ಮೂರು ಮಳೆಗಾಲ ಉಂಬಳ ಕಚ್ಚಿಸಿಕೊಂಡು ಡೇಟಾ ತರ್ತಾಳೆ. ಪ್ರಕಟ ಮಾಡಿದ ಮರುದಿನ ದೊಡ್ಡ ಊರಿನ ದೊಡ್ಡ ಲ್ಯಾಬ್ ಅದನ್ನು ಡೌನ್‌ಲೋಡ್ ಮಾಡಿ, ಎರಡು ವಾರದಲ್ಲಿ ಎರಡು ಪೇಪರ್ ಬರೆದರೆ ಅವಳ ಗತಿ? ಈ ಸಿಟ್ಟು ನ್ಯಾಯವಾದದ್ದು. ಉತ್ತರವೂ ಇದೆ. 2011ರ ಆ ನಿಯಮದಲ್ಲೇ ಡೇಟಾವನ್ನು ಒಂದು ವರ್ಷ ತಡೆಹಿಡಿಯೋ ಅವಕಾಶ ಇತ್ತು. ಆಮೇಲೆ ಬಳಸಿದವರು ಪೇಪರ್‌ಗೆ ಕೊಟ್ಟಂತೆ ಡೇಟಾಕ್ಕೂ ಹೆಸರು ಹೇಳಿ ಉಲ್ಲೇಖ ಕೊಡಬೇಕು. ಬಡ್ತಿ, ನೇಮಕಾತಿ ಸಮಯದಲ್ಲಿ ಒಳ್ಳೆ ಡೇಟಾಸೆಟ್‌ಗೂ ಪೇಪರ್‌ನಷ್ಟೇ ಬೆಲೆ ಸಿಗಬೇಕು. ಇದು ಜರ್ನಲ್ ಕೈಯಲ್ಲಿ ಮಾತ್ರ ಇಲ್ಲ, ಕಾಲೇಜು, ವಿಶ್ವವಿದ್ಯಾಲಯಗಳ ಕೈಯಲ್ಲಿದೆ.

ನಮ್ಮ ಕೈಯಲ್ಲಿ ಇರೋದು ಚಿಕ್ಕದು, ಆದರೆ ಇದೆ. ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್‌ಗಳು ಬೀರುವಿನಲ್ಲಿ ಸಾಲಾಗಿ ನಿಂತಿರ್ತವೆ. ಬೈಂಡಿಂಗ್ ಗಟ್ಟಿ, ಬಂಗಾರದ ಅಕ್ಷರ. ಒಳಗಿನ ರೀಡಿಂಗ್‌ಗಳು, ಕೋಡ್? ಪಾಸ್ ಆಗಿ ಹೋದವರ ಲ್ಯಾಪ್‌ಟಾಪ್ ಜೊತೆ ಹೋದವು. ಮುಂದಿನ ಬ್ಯಾಚ್ ಮತ್ತೆ ಸೊನ್ನೆಯಿಂದ ಶುರು. ಜರ್ನಲ್‌ಗಳಿಗೆ ಬುದ್ಧಿ ಹೇಳುವ ಮೊದಲು ಈ ಬೀರುವಿನಿಂದ ಶುರು ಮಾಡೋಣ. ರಿಪೋರ್ಟ್ ಜೊತೆ ಒಂದು ಫೋಲ್ಡರ್: ತಿದ್ದದ ಮೂಲ ರೀಡಿಂಗ್, ಕೋಡ್, ಮತ್ತು ಯಾವ ಕಾಲಂ ಏನು, ಯಾವ ಯೂನಿಟ್, ಯಾವ ಸೆನ್ಸರ್, ಯಾವ ದಿನ ಅಂತ ಬರೆದ ಒಂದು ಪುಟ. ಜನರ ಮಾಹಿತಿ ಇದ್ದರೆ ಅದನ್ನು ಬೇರೆ ಇಟ್ಟು, ಯಾಕೆ ತೆರೆದಿಲ್ಲ ಅಂತ ಒಂದು ಸಾಲು. ಗೈಡ್ ಸಹಿ ಮಾಡುವ ಮೊದಲು ಜೂನಿಯರ್ ಒಬ್ಬರು ಆ ಫೋಲ್ಡರ್ ತೆರೆದು, ಕೋಡ್ ರನ್ ಮಾಡಿ, ಗ್ರಾಫ್ ಬರುತ್ತಾ ನೋಡಲಿ. ಹರ್ನ್‌ಡನ್ ಮಾಡಿದ್ದೂ ಇದನ್ನೇ, ಅವರಿಗೂ ಅದು ಅಸೈನ್‌ಮೆಂಟೇ.

ಕನ್ನಡ ಸಂಘಕ್ಕೂ ಒಂದು ಕೆಲಸ ಇದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡು, ನೀರು, ಜನರ ಬಗ್ಗೆ ಜಗತ್ತಿನ ಜರ್ನಲ್‌ಗಳಲ್ಲಿ ಬಂದ ಪೇಪರ್‌ಗಳನ್ನು ಹುಡುಕಿ, ತಿಂಗಳಿಗೆ ಒಂದರಂತೆ ಒಂದು ಪುಟದ ಕನ್ನಡ ಸಾರಾಂಶ ಬರೆಯೋಣ. ಕೊನೆಯಲ್ಲಿ ಎರಡೇ ಪ್ರಶ್ನೆಗೆ ಉತ್ತರ ಇರಲಿ: ಡೇಟಾ ಎಲ್ಲಿದೆ? ಕೊಟ್ಟವರಿಗೆ ವಾಪಸ್ ಏನು ಬಂತು? ಮೊದಲ ಎರಡು ಪೇಪರ್ ನಾನು ಓದ್ತೀನಿ. ನನ್ನ ಕನ್ನಡ ತಿದ್ದೋಕೆ ಒಬ್ಬರು ಬೇಕು, ಜೀವಶಾಸ್ತ್ರ ಗೊತ್ತಿರೋರು ಇನ್ನೊಬ್ಬರು, ಕೊಂಕಣಿ ಬರೋರು ಇದ್ದರೆ ಇನ್ನೂ ಒಳ್ಳೇದು. ಸಂಘದ ಗ್ರೂಪ್‌ನಲ್ಲಿ ಹೆಸರು ಹಾಕಿ.